ಬ್ರಿಟನ್‌ನಲ್ಲಿ ವರ್ಕ್ ವೀಸಾ, ಹೊಟ್ಟೆಯಲ್ಲಿ ಮಗು: ರಜೆ ಸಿಗುತ್ತಾ, ವೀಸಾ ಉಳಿಯುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಇಂಗ್ಲೆಂಡ್‌ನ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ನರ್ಸ್. ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾ ಮೇಲೆ ಬಂದು ಎಂಟು ತಿಂಗಳಾಯಿತು. ಈಗ ನನಗೆ 14 ವಾರ. ಕೆಲಸದಲ್ಲಿ ಇನ್ನೂ ಹೇಳಿಲ್ಲ. ಸ್ಪಾನ್ಸರ್ ಮೇಲೆ ಬಂದವರಿಗೆ ಹೆರಿಗೆ ರಜೆ ಇಲ್ಲ, ಗೊತ್ತಾದರೆ ವೀಸಾ ಹೋಗುತ್ತದೆ ಎಂದು ಜೊತೆಯವರೊಬ್ಬರು ಹೇಳಿದರು. ಅಂದಿನಿಂದ ನಿದ್ದೆ ಬರುತ್ತಿಲ್ಲ. ನಿಜವಾ?

ಉತ್ತರ: ನಿಜ ಅಲ್ಲ. ಮೊದಲು ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ.

ಇಲ್ಲಿ ಹೆರಿಗೆ ರಜೆ 52 ವಾರ. ನೌಕರಿಯ ಮೊದಲ ದಿನದಿಂದಲೇ ಆ ಹಕ್ಕು ಇದೆ. ವೀಸಾ ಯಾವುದು, ಪಾಸ್‌ಪೋರ್ಟ್ ಯಾವುದು ಎಂದು ಕಾನೂನು ಕೇಳುವುದಿಲ್ಲ. ಗರ್ಭಿಣಿ ಆಗಿದ್ದೀರಿ ಎಂಬ ಕಾರಣಕ್ಕೆ ಹೋಂ ಆಫೀಸ್ (ವೀಸಾ ನೋಡಿಕೊಳ್ಳುವ ಬ್ರಿಟನ್ ಸರ್ಕಾರದ ಇಲಾಖೆ) ವೀಸಾ ರದ್ದು ಮಾಡುವುದೂ ಇಲ್ಲ.

ಈ ಭಯ ಎಲ್ಲಿಂದ ಹುಟ್ಟಿತು ಅಂದರೆ, ಸ್ಪಾನ್ಸರ್ ನಿಯಮದಲ್ಲಿ, ಅಂದರೆ ವೀಸಾ ಕೊಡಿಸಿದ ಕಂಪನಿ ಪಾಲಿಸಬೇಕಾದ ನಿಯಮದಲ್ಲಿ, ಒಂದು ಸಾಲು ಇದೆ. ವರ್ಷದಲ್ಲಿ ನಾಲ್ಕು ವಾರಕ್ಕಿಂತ ಜಾಸ್ತಿ ಸಂಬಳವಿಲ್ಲದ ರಜೆ ಹಾಕಿದರೆ ಕಂಪನಿ ಸ್ಪಾನ್ಸರ್‌ಶಿಪ್ ನಿಲ್ಲಿಸಬೇಕು. ಜನ ಅಲ್ಲಿಗೇ ಓದಿ ನಿಲ್ಲಿಸುತ್ತಾರೆ. ಹೆರಿಗೆ ರಜೆ, ಪಿತೃತ್ವ ರಜೆ, ದತ್ತು ರಜೆ, ಕಾಯಿಲೆ ರಜೆ ಇದಕ್ಕೆ ಲೆಕ್ಕವಿಲ್ಲ ಎಂದು ಅದೇ ನಿಯಮ ಹೇಳುತ್ತದೆ. 52 ವಾರದಲ್ಲಿ ಕೊನೆಯ 13 ವಾರಕ್ಕೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಆ 13 ವಾರವೂ ಹೆರಿಗೆ ರಜೆಯೇ, ವೀಸಾಕ್ಕೆ ತೊಂದರೆ ಇಲ್ಲ. ತೊಂದರೆ ಶುರುವಾಗುವುದು 52 ವಾರ ಮುಗಿದ ಮೇಲೆ ಮ್ಯಾನೇಜರ್ ಜೊತೆ ಬಾಯಿಮಾತಿನಲ್ಲಿ "ಇನ್ನೆರಡು ತಿಂಗಳು ಇರಲಿ" ಎಂದು ಸುಮ್ನೆ ರಜೆ ಮುಂದುವರಿಸಿದಾಗ. ಅದನ್ನು ಮಾತ್ರ ಮಾಡಬೇಡಿ.

ಈಗ ದುಡ್ಡಿನ ವಿಷಯ. ಕಾನೂನಿನ ಹೆರಿಗೆ ಸಂಬಳಕ್ಕೆ ಎಸ್‌ಎಂಪಿ ಎನ್ನುತ್ತಾರೆ. ಡ್ಯೂ ಡೇಟ್ ಬೀಳುವ ವಾರದಿಂದ ಹಿಂದಕ್ಕೆ 15 ವಾರ ಎಣಿಸಿ. ಆ ವಾರದ ಕೊನೆಗೆ ಅದೇ ಕಂಪನಿಯಲ್ಲಿ ನಿಮಗೆ 26 ವಾರ ಸರ್ವಿಸ್ ಆಗಿರಬೇಕು. ನಿಮ್ಮ ಲೆಕ್ಕದಲ್ಲಿ ಅದು ಸುಮಾರು 25ನೇ ವಾರಕ್ಕೆ ಬರುತ್ತದೆ. ಎಂಟು ತಿಂಗಳು ಈಗಾಗಲೇ ಆಗಿದೆ, ಹಾಗಾಗಿ ಆರಾಮಾಗಿ ದಾಟುತ್ತೀರಿ. ಮೊದಲ ಆರು ವಾರ ನಿಮ್ಮ ಸರಾಸರಿ ಸಂಬಳದ ಶೇ. 90. ಆಮೇಲೆ 33 ವಾರ ವಾರಕ್ಕೆ 187.18 ಪೌಂಡ್, ಅಥವಾ ಶೇ. 90, ಯಾವುದು ಕಡಿಮೆಯೋ ಅದು. ಇದು 2025-26ರ ದರ, ಏಪ್ರಿಲ್‌ಗೊಮ್ಮೆ ಬದಲಾಗುತ್ತದೆ.

ಒಂದು ಗುಟ್ಟು ಹೇಳುತ್ತೇನೆ. ಆ ಸರಾಸರಿಯನ್ನು ವರ್ಷದ ಸಂಬಳದಿಂದ ತೆಗೆಯುವುದಿಲ್ಲ, ಮೇಲೆ ಎಣಿಸಿದ ಆ ವಾರಕ್ಕೆ (ಗರ್ಭದ ಸುಮಾರು 25ನೇ ವಾರ) ಮುಂಚಿನ ಸುಮಾರು ಎಂಟು ವಾರದ ಸಂಬಳದಿಂದ ತೆಗೆಯುತ್ತಾರೆ. ಆ ಅವಧಿಯಲ್ಲಿ ಸಂಬಳವಿಲ್ಲದ ರಜೆ ಹಾಕಿದರೆ ಆರು ವಾರದ ದುಡ್ಡು ಕರಗುತ್ತದೆ. ಓವರ್‌ಟೈಂ ಮಾಡಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಮೈಗೆ ಆಗದಿದ್ದರೆ ಓವರ್‌ಟೈಂ ಬೇಡ, ಆದರೆ ಆ ಎಂಟು ವಾರ ಯಾವುದು ಎಂದು ಗೊತ್ತಿರಲಿ.

ಮ್ಯಾನೇಜರ್‌ಗೆ ಹೇಳಲು ಕಾನೂನು 25ನೇ ವಾರದವರೆಗೆ ಸಮಯ ಕೊಡುತ್ತದೆ. ನನ್ನ ಸಲಹೆ, ಅಷ್ಟು ಕಾಯಬೇಡಿ. ನೀವು ರೋಗಿಗಳನ್ನು ಎತ್ತಿ ಮಲಗಿಸುವವರು, ರಾತ್ರಿ ಪಾಳಿ ಮಾಡುವವರು. ಬರವಣಿಗೆಯಲ್ಲಿ ತಿಳಿಸಿದ ಮೇಲೆಯೇ ನಿಮ್ಮ ಕೆಲಸದಲ್ಲಿ ಅಪಾಯ ಏನಿದೆ ಎಂದು ನೋಡಿ ಬದಲಿಸುವ ಹೊಣೆ ಅವರ ಮೇಲೆ ಬೀಳುತ್ತದೆ. ತಪಾಸಣೆಗೆ ಹೋಗುವ ಸಮಯಕ್ಕೆ ಸಂಬಳ ಸಿಗುವುದೂ ಆಗಲೇ. ಒಂದು ಇಮೇಲ್ ಸಾಕು. ಮಿಡ್‌ವೈಫ್ 20 ವಾರ ದಾಟಿದ ಮೇಲೆ ಮ್ಯಾಟ್‌ಬಿ1 ಎಂಬ ಸರ್ಟಿಫಿಕೇಟ್ ಕೊಡುತ್ತಾರೆ, ಎಸ್‌ಎಂಪಿಗೆ ಅದನ್ನು ಕೊಡಬೇಕು.

ಅದೇ ಸದಸ್ಯೆ: ಮೇಡಂ, ಓದಿ ಅತ್ತುಬಿಟ್ಟೆ. ಇನ್ನೊಂದು ಕೇಳಲಾ? ಇಲ್ಲಿ ನಾವಿಬ್ಬರೇ. ಏಳನೇ ತಿಂಗಳಿಗೆ ಊರಿಗೆ ಹೋಗಿ, ಅಮ್ಮನ ಹತ್ತಿರ ಹೆರಿಗೆ ಮುಗಿಸಿ, ಮಗುವಿಗೆ ಆರು ತಿಂಗಳಾದ ಮೇಲೆ ಬರೋಣ ಅಂತಿದ್ದೇವೆ. ಎಸ್‌ಎಂಪಿ ನಿಂತುಹೋಗುತ್ತಾ?

ಉತ್ತರ: ಎಸ್‌ಎಂಪಿ ನಿಲ್ಲುವುದಿಲ್ಲ, ದೇಶದ ಹೊರಗಿದ್ದರೂ ಬರುತ್ತದೆ. ಆದರೆ ಇಲ್ಲಿ ಖಾಯಂ ವಾಸಕ್ಕೆ, ಅಂದರೆ ಐಎಲ್‌ಆರ್‌ಗೆ ಅರ್ಜಿ ಹಾಕುವ ಆಸೆ ಇದ್ದರೆ ಸ್ವಲ್ಪ ನಿಲ್ಲಿ.

ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಜಾಸ್ತಿ ಬ್ರಿಟನ್‌ನ ಹೊರಗಿರುವಂತಿಲ್ಲ. ಜನವರಿಯಿಂದ ಡಿಸೆಂಬರ್ ಅಲ್ಲ, ಯಾವ ದಿನದಿಂದ ಹಿಡಿದರೂ. ಹೆರಿಗೆ ರಜೆಯಲ್ಲಿದ್ದೆ ಎಂಬ ಒಂದೇ ಕಾರಣಕ್ಕೆ ಇದರಲ್ಲಿ ರಿಯಾಯಿತಿ ಇಲ್ಲ. ಏಳನೇ ತಿಂಗಳಿಂದ ಮಗುವಿಗೆ ಆರು ತಿಂಗಳು ಅಂದರೆ ಎಂಟು ತಿಂಗಳು ಮೀರುತ್ತದೆ, ಅಲ್ವಾ? ಕೆಲಸ ಉಳಿಯುತ್ತದೆ, ಸಂಬಳ ಬರುತ್ತದೆ, ಆದರೆ ಖಾಯಂ ವಾಸಕ್ಕೆ ಕೂಡಿಟ್ಟ ವರ್ಷಗಳು ಮುರಿದುಹೋಗುತ್ತವೆ. ರಜೆಯನ್ನು ಪೂರ್ತಿ ಒಂದು ವರ್ಷ ತೆಗೆದುಕೊಳ್ಳಿ, ಊರಲ್ಲಿರುವುದು ಐದು ತಿಂಗಳಿಗೆ ಮುಗಿಸಿ. ಅಮ್ಮನ ಮಡಿಲು ಬೇಕು ಅನ್ನಿಸುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆಗುವುದಾದರೆ ಅಮ್ಮನನ್ನೇ ವಿಸಿಟರ್ ವೀಸಾದಲ್ಲಿ ಸ್ವಲ್ಪ ದಿನ ಕರೆಸಿಕೊಳ್ಳುವುದನ್ನೂ ಯೋಚಿಸಿ.

ಇನ್ನೊಬ್ಬರು: ಮೇಡಂ, ನಾನು ಕೇರ್ ವರ್ಕರ್, ನರ್ಸ್ ಅಲ್ಲ. 2024ರ ಕೊನೆಗೆ ಬಂದೆ. ನಾನೂ ಊರಲ್ಲಿ ಹೆರಿಗೆ ಮಾಡಿಕೊಳ್ಳಬಹುದಾ?

ಉತ್ತರ: ದಯವಿಟ್ಟು ಟಿಕೆಟ್ ಮಾಡಿಸುವ ಮುಂಚೆ ಇದನ್ನು ಎರಡು ಸಲ ಓದಿ. 2024ರ ಮಾರ್ಚ್ 11ರಿಂದ ಕೇರ್ ವರ್ಕರ್ ಮತ್ತು ಸೀನಿಯರ್ ಕೇರ್ ವರ್ಕರ್ ಆಗಿ ಬಂದವರು ಗಂಡ, ಮಕ್ಕಳನ್ನು ಡಿಪೆಂಡೆಂಟ್ ಆಗಿ ಕರೆತರುವಂತಿಲ್ಲ. ಬ್ರಿಟನ್‌ನಲ್ಲೇ ಹುಟ್ಟಿದ ಮಗುವಿಗೆ ಇದರಿಂದ ವಿನಾಯಿತಿ ಇದೆ. ಊರಲ್ಲಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಇಲ್ಲ. ಅಲ್ಲಿ ಹೆತ್ತರೆ ಮಗುವನ್ನು ಬಿಟ್ಟು ಕೆಲಸಕ್ಕೆ ಬರುವ ಪರಿಸ್ಥಿತಿ ಬರಬಹುದು. ನಿಮ್ಮ ವೀಸಾ ಕಾಗದ ತೆಗೆದುಕೊಂಡು ಒಬ್ಬ ಇಮಿಗ್ರೇಷನ್ ಸಾಲಿಸಿಟರ್‌ಗೆ ತೋರಿಸಿ, ಆಮೇಲೆ ನಿರ್ಧಾರ ಮಾಡಿ.

ಪ್ರಶ್ನೆ: ನನ್ನ ಹೆಂಡತಿ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಕಂಪನಿ ಬದಲಿಸಿದಳು. ಹೊಸ ಕಡೆ ಸೇರುವಾಗಲೇ ಹತ್ತು ವಾರ. ಎಸ್‌ಎಂಪಿ ಇಲ್ಲ ಎಂದು ಎಚ್‌ಆರ್ ಹೇಳಿದೆ. ಸರ್ಕಾರದ ದುಡ್ಡು ಕೇಳಿದರೆ ವೀಸಾಕ್ಕೆ ಹೊಡೆತ ಅಲ್ವಾ?

ಉತ್ತರ: ಎಚ್‌ಆರ್ ಹೇಳಿದ್ದು ಸರಿ, 26 ವಾರ ಆಗುವುದಿಲ್ಲ. 52 ವಾರದ ರಜೆ ಮಾತ್ರ ಸಿಗುತ್ತದೆ. ಎಸ್‌ಎಂಪಿ ಏಕೆ ಇಲ್ಲ ಎಂದು ಎಸ್‌ಎಂಪಿ1 ಫಾರ್ಮ್‌ನಲ್ಲಿ ಬರೆದುಕೊಡಲು ಹೇಳಿ. ಅದನ್ನಿಟ್ಟುಕೊಂಡು ಮೆಟರ್ನಿಟಿ ಅಲವೆನ್ಸ್‌ಗೆ, ಅಂದರೆ ಸರ್ಕಾರ ಕೊಡುವ ಹೆರಿಗೆ ಭತ್ಯೆಗೆ, ಅರ್ಜಿ ಹಾಕಿ. ಡ್ಯೂ ಡೇಟ್‌ಗೆ ಮುಂಚಿನ 66 ವಾರದಲ್ಲಿ 26 ವಾರ ದುಡಿದಿದ್ದರೆ ಸಾಕು, ಹಳೆಯ ಕಂಪನಿಯ ವಾರಗಳೂ ಸೇರುತ್ತವೆ. ಅದರಲ್ಲಿ 13 ವಾರ ವಾರಕ್ಕೆ 30 ಪೌಂಡ್ ಆದರೂ ಗಳಿಸಿರಬೇಕು.

ಇದು ವೀಸಾ ನಿಯಮದ ಪ್ರಕಾರ ಪಬ್ಲಿಕ್ ಫಂಡ್ಸ್ (ವೀಸಾದಲ್ಲಿರುವವರು ಪಡೆಯುವಂತಿಲ್ಲದ ಸರ್ಕಾರಿ ಭತ್ಯೆಗಳ ಪಟ್ಟಿ) ಅಲ್ಲ. ಎಸ್‌ಎಂಪಿಯೂ ಅಲ್ಲ. ಧೈರ್ಯವಾಗಿ ಕೇಳಿ. ಚೈಲ್ಡ್ ಬೆನಿಫಿಟ್ ಮತ್ತು ಯೂನಿವರ್ಸಲ್ ಕ್ರೆಡಿಟ್ ಮಾತ್ರ ಆ ಪಟ್ಟಿಯಲ್ಲಿವೆ ಎಂದುಕೊಳ್ಳಬೇಡಿ, ಇನ್ನೂ ಕೆಲವು ಇವೆ. ಆಸ್ಪತ್ರೆಯಲ್ಲಿ ಯಾರೋ ಕೊಟ್ಟ ಫಾರ್ಮ್ ತುಂಬುವ ಮುಂಚೆ ಕೇಳಿಕೊಳ್ಳಿ.

ಪ್ರಶ್ನೆ: ಗರ್ಭಿಣಿ ಎಂದು ಹೇಳಿದ ಮರುವಾರವೇ ನನ್ನ ಕೆಲಸ ಸರಿಯಿಲ್ಲ ಎಂದು ಪತ್ರ ಬಂತು. ನೀವೇ ರಾಜೀನಾಮೆ ಕೊಟ್ಟರೆ ವೀಸಾಕ್ಕೆ ಒಳ್ಳೆಯದು ಎನ್ನುತ್ತಿದ್ದಾರೆ.

ಉತ್ತರ: ಸಹಿ ಹಾಕಬೇಡಿ. ನೀವು ಬಿಟ್ಟರೂ ಅವರು ತೆಗೆದರೂ ಹೋಂ ಆಫೀಸ್‌ಗೆ ವರದಿ ಹೋಗುತ್ತದೆ. ಆಮೇಲೆ ಬರುವ ಪತ್ರದಲ್ಲಿ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ, ವೀಸಾ ಅದಕ್ಕೂ ಮುಂಚೆ ಮುಗಿಯುವುದಾದರೆ ಅಷ್ಟೂ ಇಲ್ಲ. ರಾಜೀನಾಮೆಯಿಂದ ಲಾಭ ಅವರಿಗೆ ಮಾತ್ರ.

ಗರ್ಭಿಣಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಇಲ್ಲಿ ಕಾನೂನಿಗೆ ವಿರುದ್ಧ. ಎರಡು ವರ್ಷ ಸರ್ವಿಸ್ ಆಗಿರಬೇಕು ಎಂಬ ಷರತ್ತು ಇದಕ್ಕಿಲ್ಲ. 2010ರ ಈಕ್ವಾಲಿಟಿ ಆಕ್ಟ್ ಕೂಡ ನಿಮ್ಮ ಪರವಾಗಿದೆ. ಹೇಳಿದ ದಿನಾಂಕ, ಪತ್ರ ಬಂದ ದಿನಾಂಕ, ಅದಕ್ಕೂ ಮುಂಚೆ ನಿಮ್ಮ ಕೆಲಸವನ್ನು ಹೊಗಳಿದ ಮೆಸೇಜ್ ಇದ್ದರೆ ಅದು, ಎಲ್ಲವನ್ನೂ ನಿಮ್ಮ ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳಿ. ಕಂಪನಿ ಇಮೇಲ್ ಯಾವಾಗ ಬೇಕಾದರೂ ಮುಚ್ಚಬಹುದು. ಇವತ್ತೇ ಏಕಾಸ್‌ಗೆ (ಕೆಲಸದ ತಕರಾರುಗಳಿಗೆ ಸಲಹೆ ಕೊಡುವ ಸಂಸ್ಥೆ) ಫೋನ್ ಮಾಡಿ, ಉಚಿತ. ಟ್ರಿಬ್ಯುನಲ್‌ಗೆ, ಅಂದರೆ ನೌಕರಿ ತಕರಾರುಗಳ ನ್ಯಾಯಮಂಡಳಿಗೆ, ಹೋಗಲು ಸಮಯ ತುಂಬಾ ಕಡಿಮೆ, ಮೂರು ತಿಂಗಳಿಗೆ ಒಂದು ದಿನ ಕಮ್ಮಿ ಎಂದೇ ಲೆಕ್ಕ ಇಟ್ಟುಕೊಂಡು ಓಡಾಡಿ. ಡ್ಯೂ ಡೇಟ್‌ಗೆ ಮುಂಚಿನ ಆ 15ನೇ ವಾರ (ಗರ್ಭದ ಸುಮಾರು 25ನೇ ವಾರ) ಮುಟ್ಟಿದ ಮೇಲೆ ತೆಗೆದರೆ, ಉಳಿದ ಅರ್ಹತೆ ಇದ್ದವರಿಗೆ ಎಸ್‌ಎಂಪಿ ಕೊಡುವ ಹೊಣೆ ಅವರದ್ದೇ ಆಗಿರುತ್ತದೆ.

ನನಗೆ ಪತ್ರದ ಫೋಟೋ ಕಳಿಸಿ, ಹೆಸರು ಮುಚ್ಚಿ. ರಾತ್ರಿ ನೋಡುತ್ತೇನೆ.

ಮೊದಲ ಸದಸ್ಯೆ: ಕೊನೆಯದಾಗಿ ಮೇಡಂ, ಇಲ್ಲೇ ಹೆತ್ತರೆ ಮಗು ಬ್ರಿಟಿಷ್ ಪ್ರಜೆಯಾ?

ಉತ್ತರ: ಅಲ್ಲ. 1983ರಿಂದ, ಹುಟ್ಟುವಾಗ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆ ಅಥವಾ ಖಾಯಂ ವಾಸಿ ಆಗಿರಬೇಕು. ನಿಮಗೆ ಮುಂದೆ ಐಎಲ್‌ಆರ್ ಸಿಕ್ಕಿದರೆ ಮಗುವನ್ನು ಪ್ರಜೆಯಾಗಿ ನೋಂದಾಯಿಸಬಹುದು. ಅಲ್ಲಿಯವರೆಗೆ ಇಂಗ್ಲೆಂಡ್‌ನಲ್ಲಿ 42 ದಿನದೊಳಗೆ ಜನನ ನೋಂದಣಿ, ಆಮೇಲೆ ಪಾಸ್‌ಪೋರ್ಟ್, ಆಮೇಲೆ ಡಿಪೆಂಡೆಂಟ್ ವೀಸಾ. ವೀಸಾ ಕೈಗೆ ಬರುವ ಮುಂಚೆ ಮಗುವನ್ನು ಎತ್ತಿಕೊಂಡು ವಿಮಾನ ಹತ್ತಬೇಡಿ, ವಾಪಸ್ ಬರುವಾಗ ಕಷ್ಟವಾಗುತ್ತದೆ.