ಸ್ಯಾಂಪಲ್ 312ಕ್ಕೇ ನಿಂತಿದೆ, ಥೀಸಿಸ್ ಸಲ್ಲಿಕೆಗೆ 10 ವಾರ: ಎಲ್ಲಿಂದ ಹಿಡಿಯಲಿ?

ಎರಡನೇ_ವರ್ಷ:
ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಥೀಸಿಸ್, ಕ್ರಾಸ್ ಸೆಕ್ಷನಲ್ ಸ್ಟಡಿ (ಪ್ರತಿಯೊಬ್ಬರನ್ನೂ ಒಂದೇ ಸಲ ಕೇಳುವ ಅಧ್ಯಯನ). ಬಿಪಿ ಇರುವವರಲ್ಲಿ ಎಷ್ಟು ಜನ ಮಾತ್ರೆ ಸರಿಯಾಗಿ ತಗೊಳ್ತಿಲ್ಲ, ಯಾಕೆ ಎನ್ನುವುದು ವಿಷಯ. ಪ್ರೋಟೋಕಾಲ್‌ನಲ್ಲಿ ಸ್ಯಾಂಪಲ್ ಸೈಜ್ 385. ಕೇಳಿದ್ದು 341 ಜನರನ್ನು. 17 ಜನ ಒಪ್ಪಲಿಲ್ಲ, 12 ಫಾರಂ ಅರ್ಧಂಬರ್ಧ. ಕೈಯಲ್ಲಿ ಉಳಿದದ್ದು 312, ಅದರಲ್ಲಿ ಸರಿಯಾಗಿ ತಗೊಳ್ಳದವರು 118. ಡೇಟಾ ಕಲೆಕ್ಷನ್‌ಗೆ ಕೊಟ್ಟಿದ್ದ ಅವಧಿ ಮುಗಿದಿದೆ.

ಮೂರು ಪ್ರಶ್ನೆ. 73 ಕಡಿಮೆ ಬಿದ್ದದ್ದಕ್ಕೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಏನು ಹೇಳಬೇಕು? 16 ವೇರಿಯಬಲ್‌ಗೆ (ವಯಸ್ಸು, ಆದಾಯದಂಥ ಅಂಶ) ಕೈ ಸ್ಕ್ವೇರ್ (ಸಂಬಂಧ ಇದೆಯೇ ಎಂದು ಒಂದೊಂದನ್ನೇ ನೋಡುವ ಪರೀಕ್ಷೆ) ಹಾಕಿ, ಪಿ ವ್ಯಾಲ್ಯೂ (ಸಂಬಂಧವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದವನ್ನು ಮಾತ್ರ ಲಾಜಿಸ್ಟಿಕ್ ರಿಗ್ರೆಷನ್‌ಗೆ (ಅಂಶಗಳನ್ನು ಒಟ್ಟಿಗೆ ತೂಗಿ ನೋಡುವ ಮಾಡೆಲ್) ಹಾಕಿದರೆ ಸರಿಯೇ? ರಿವ್ಯೂ ಆಫ್ ಲಿಟರೇಚರ್ 40 ಪುಟ ಆಗಿದೆ, ಉಳಿದ ಅಧ್ಯಾಯ ಒಂದೂ ಶುರುವಾಗಿಲ್ಲ. ಯಾವುದು ಮೊದಲು?

ಅಂಕಿ_ಲೆಕ್ಕಿಗ:
ಮೊದಲ ಎರಡಕ್ಕೆ ಉತ್ತರ ಕೊಡ್ತೀನಿ.

385 ಎಲ್ಲಿಂದ ಬಂತು ನೋಡಿ. ಪ್ರಮಾಣ ಶೇ. 50 ಎಂದು ಹಿಡಿದು, ತಪ್ಪಿನ ಅಂತರ ಪ್ಲಸ್ ಮೈನಸ್ 5 ಬೇಕು ಎಂದಾಗ 1.96ರ ವರ್ಗ × 0.5 × 0.5 ಭಾಗಿಸು 0.05ರ ವರ್ಗ, ಅಂದರೆ 384.16. ಇದೇ ಲೆಕ್ಕವನ್ನು 312ಕ್ಕೆ ತಿರುಗಿಸಿ ಹಾಕಿದರೆ ಪ್ಲಸ್ ಮೈನಸ್ 5.5 ಬರುತ್ತದೆ. ಕಳೆದುಕೊಂಡದ್ದು ಇಷ್ಟೇ, ಅರ್ಧ ಪಾಯಿಂಟ್. ನಿಮ್ಮ ಫಲಿತಾಂಶ: 118/312, ಶೇ. 37.8, 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿ) 32.4ರಿಂದ 43.2. ವೈವಾದಲ್ಲಿ ಈ ಇಂಟರ್ವಲ್ ತೋರಿಸಿ. "ಪೋಸ್ಟ್ ಹಾಕ್ ಪವರ್" (ಸಂಬಂಧವನ್ನು ಹಿಡಿಯುವ ಶಕ್ತಿ ಎಷ್ಟಿತ್ತು ಎಂದು ಫಲಿತಾಂಶ ಬಂದ ಮೇಲೆ ನೋಡುವುದು) ಲೆಕ್ಕ ಹಾಕಿಕೊಂಡು ಹೋಗಬೇಡಿ. ಅದು ಪಿ ವ್ಯಾಲ್ಯೂವನ್ನೇ ಬೇರೆ ವೇಷದಲ್ಲಿ ಹೇಳುತ್ತದೆ, ಗೊತ್ತಿರುವ ಪರೀಕ್ಷಕರು ಅಲ್ಲೇ ಹಿಡೀತಾರೆ.

ನಿಜವಾದ ತಕರಾರು 73ರ ಬಗ್ಗೆ ಅಲ್ಲ, ಹೊರಗುಳಿದ 29 ಜನರ ಬಗ್ಗೆ. ಮಾತ್ರೆ ಬಿಟ್ಟವರೇ ಒಪ್ಪಿಗೆ ಕೊಡದೆ ಹೋಗಿದ್ದರೆ 37.8 ಎನ್ನುವುದು ಕಡಿಮೆ ಅಂದಾಜು. ಅವರ ವಯಸ್ಸು, ಲಿಂಗ ಬರೆದುಕೊಳ್ಳಲು ಅನುಮತಿ ಇತ್ತು, ಬರೆದುಕೊಂಡಿದ್ದೀರಿ ಎಂದಾದರೆ 312ರ ಜತೆ ಹೋಲಿಸಿ ಒಂದು ಸಾಲು ಬರೆಯಿರಿ. 341, 17, 12, 312 ಇವಿಷ್ಟನ್ನೂ ಒಂದು ಫ್ಲೋ ಚಾರ್ಟ್‌ನಲ್ಲಿ ಹಾಕಿ. ಸಂಖ್ಯೆ ಕಡಿಮೆಯಾದದ್ದನ್ನು ಎಥಿಕ್ಸ್ ಕಮಿಟಿಗೂ ಲಿಖಿತವಾಗಿ ತಿಳಿಸಿ. ಅವಧಿ ಮುಗಿದ ಮೇಲೆ ಇನ್ನೊಂದಷ್ಟು ಫಾರಂ ತುಂಬಿಸಿಕೊಂಡು ಬರುವುದು ಬೇಡವೇ ಬೇಡ.

ಈಗ ರಿಗ್ರೆಷನ್. ನೀವು ಹೇಳಿದ ದಾರಿ ಬಹಳಷ್ಟು ಥೀಸಿಸ್‌ಗಳಲ್ಲಿ ಕಾಣುತ್ತದೆ, ಆದರೂ ತಪ್ಪು. ಯಾವ ಸಂಬಂಧವೂ ಇಲ್ಲದ, ಒಂದಕ್ಕೊಂದು ತಗಲದ 16 ವೇರಿಯಬಲ್ ಪರೀಕ್ಷಿಸಿದರೂ ಒಂದಾದರೂ "ಸಿಗ್ನಿಫಿಕೆಂಟ್" ಬರುವ ಸಾಧ್ಯತೆ ಶೇ. 56. ಇನ್ನೊಂದು ಕಡೆ, ಒಂಟಿಯಾಗಿ ನೋಡಿದಾಗ ಸಪ್ಪೆಯಾಗಿ ಕಂಡ ಕನ್‌ಫೌಂಡರ್ (ಕಾರಣ, ಫಲಿತಾಂಶ ಎರಡಕ್ಕೂ ತಗಲಿಕೊಂಡು ಲೆಕ್ಕ ಕೆಡಿಸುವ ಅಂಶ) ಈ ಜರಡಿಯಲ್ಲಿ ಬಿದ್ದುಹೋಗುತ್ತದೆ. ಯಾವುದು ಒಳಗಿರಬೇಕು ಎನ್ನುವುದನ್ನು ಹಿಂದಿನ ಅಧ್ಯಯನ ಮತ್ತು ತರ್ಕದಿಂದ ತೀರ್ಮಾನಿಸಿ, ಕಾರಣ ಬರೆದಿಡಿ. ಆದಾಯ ಕಡಿಮೆ, ಹಾಗಾಗಿ ಮಾತ್ರೆಯ ಖರ್ಚು ಭಾರ, ಹಾಗಾಗಿ ಬಿಟ್ಟರು ಎಂಬ ಸರಪಳಿ ಇದ್ದಲ್ಲಿ ಆದಾಯ, ಖರ್ಚು ಎರಡನ್ನೂ ಒಟ್ಟಿಗೆ ಹಾಕಿದರೆ ಆದಾಯದ ಪರಿಣಾಮ ಕುಗ್ಗುತ್ತದೆ ಇಲ್ಲವೇ ಮಾಯವಾಗುತ್ತದೆ. ಅದನ್ನು ನೋಡಿ "ಆದಾಯಕ್ಕೆ ಸಂಬಂಧವಿಲ್ಲ" ಎಂದು ಬರೆದರೆ ತಪ್ಪು.

ಎಷ್ಟು ಹಾಕಬಹುದು? ಒಂದಕ್ಕೆ 10 ಘಟನೆ (ಇಲ್ಲಿ, ಮಾತ್ರೆ ಸರಿಯಾಗಿ ತಗೊಳ್ಳದ 10 ಜನ) ಎಂಬ ಒರಟು ಲೆಕ್ಕದಲ್ಲಿ 118ಕ್ಕೆ ಸುಮಾರು 11. ಎಣಿಸಬೇಕಾದದ್ದು ವೇರಿಯಬಲ್ ಅಲ್ಲ, ಮಾಡೆಲ್‌ನ ಸಾಲುಗಳನ್ನು: ಐದು ಗುಂಪಿನ ಆದಾಯ ಒಂದೇ ನಾಲ್ಕು ಸಾಲು ತಿಂದುಹಾಕುತ್ತದೆ.

ಇದಕ್ಕಿಂತ ದೊಡ್ಡ ಗುಂಡಿ ಲಾಜಿಸ್ಟಿಕ್ ಕೊಡುವ ಆಡ್ಸ್ ರೇಷಿಯೊ (ಸರಿಯಾಗಿ ತಗೊಳ್ಳದವರು ಭಾಗಿಸು ತಗೊಳ್ಳುವವರು, ಎರಡು ಗುಂಪಿನ ಈ ಅಂಕಿಗಳ ಅನುಪಾತ). ಉದಾಹರಣೆಗೆ, ಸೈಡ್ ಎಫೆಕ್ಟ್ ಇದೆ ಎಂದ 90 ಜನರಲ್ಲಿ 54 (ಶೇ. 60), ಇಲ್ಲ ಎಂದ 222ರಲ್ಲಿ 64 (ಶೇ. 28.8) ಮಾತ್ರೆ ಸರಿಯಾಗಿ ತಗೊಳ್ತಿಲ್ಲ ಅಂತಿಟ್ಟುಕೊಳ್ಳಿ. ಪ್ರಮಾಣಗಳ ಅನುಪಾತ 2.08. ಆಡ್ಸ್ ರೇಷಿಯೊ 3.70! ಅದನ್ನೇ ಹಿಡಿದು "3.7 ಪಟ್ಟು ಜನ ಮಾತ್ರೆ ಬಿಡುತ್ತಾರೆ" ಎಂದು ಬರೆದರೆ ವಾಕ್ಯವೇ ಸುಳ್ಳು. ಫಲಿತಾಂಶ ಇಷ್ಟು ಸಾಮಾನ್ಯವಾಗಿರುವಾಗ ರೋಬಸ್ಟ್ ವೇರಿಯನ್ಸ್ ಇಟ್ಟು ಪಾಯ್ಸಾನ್ ರಿಗ್ರೆಷನ್ ಎಂಬ ಇನ್ನೊಂದು ಮಾಡೆಲ್ ಮಾಡಿ ಪ್ರಿವಲೆನ್ಸ್ ರೇಷಿಯೊ (ಮೇಲೆ ಹೇಳಿದ ಪ್ರಮಾಣಗಳ ಅನುಪಾತ) ಕೊಡಿ. ಆರ್, ಸ್ಟಾಟಾ ಎರಡೂ ಸಾಫ್ಟ್‌ವೇರ್‌ನಲ್ಲಿ ಆಗುತ್ತದೆ. ಪ್ರೋಟೋಕಾಲ್‌ನಲ್ಲಿ ಲಾಜಿಸ್ಟಿಕ್ ಎಂದೇ ಬರೆದಿದ್ದರೆ ಬದಲಾಯಿಸಿದ್ದೇಕೆ ಎಂದು ಮೆಥಡ್ಸ್‌ನಲ್ಲಿ ಹೇಳಿ.

ಕರಡು_ಪ್ರತಿ:
ಮೂರನೆಯದಕ್ಕೆ. ಆ 40 ಪುಟಕ್ಕೆ ಈಗ ಕೈ ಹಚ್ಚಬೇಡಿ. ಡಿಸ್ಕಷನ್ ಬರೆದಾದ ಮೇಲೆ ಅದರಲ್ಲಿ ಅರ್ಧ ತಾನಾಗಿಯೇ ಬೇಡವಾಗುತ್ತದೆ.

ಮೊದಲ ವಾರ ಮೆಥಡ್ಸ್. ಪ್ರೋಟೋಕಾಲ್‌ನ "ಮಾಡಲಾಗುವುದು" ಎಲ್ಲ "ಮಾಡಲಾಯಿತು" ಆಗಬೇಕು. ಹಾಗೆ ಬದಲಿಸುವಾಗಲೇ ಯೋಜನೆಗೂ ನಡೆದದ್ದಕ್ಕೂ ಎಲ್ಲಿ ವ್ಯತ್ಯಾಸ ಇದೆ ಎಂದು ತಿಳಿಯುತ್ತದೆ. ಸ್ಟ್ರೋಬ್ ಚೆಕ್‌ಲಿಸ್ಟ್‌ನ (ಇಂಥ ಅಧ್ಯಯನದ ವರದಿಯಲ್ಲಿ ಏನೇನಿರಬೇಕು ಎಂಬ ಪಟ್ಟಿ) 22 ಅಂಶಗಳನ್ನು ಪಕ್ಕದಲ್ಲಿಟ್ಟು, ಪ್ರತಿ ಅಂಶದ ಎದುರು ಪುಟಸಂಖ್ಯೆ ಬರೆಯಿರಿ. ಬಳಸಿದ ಪ್ರಶ್ನಾವಳಿಗೆ ಲೈಸೆನ್ಸ್ ಬೇಕೇ ಎಂದೂ ಈಗಲೇ ನೋಡಿ. ಔಷಧಿ ಸೇವನೆ ಅಳೆಯುವ ಕೆಲವು ಸ್ಕೇಲ್‌ಗಳಿಗೆ ಅನುಮತಿ ಪತ್ರ ಇಲ್ಲದಿದ್ದರೆ ಆಮೇಲೆ ಪೇಪರ್ ಪ್ರಕಟಿಸುವುದೇ ಕಷ್ಟ.

ಆಮೇಲೆ ಖಾಲಿ ಟೇಬಲ್‌ಗಳು: ಸಂಖ್ಯೆ ಇಲ್ಲದೆ ಶೀರ್ಷಿಕೆ, ಸಾಲು, ಕಾಲಂ ಮಾತ್ರ. ಒಂದೊಂದು ಉದ್ದೇಶಕ್ಕೂ ಒಂದು ಟೇಬಲ್ ಸಾಕು. ಯಾವ ಉದ್ದೇಶಕ್ಕೂ ಸೇರದ ಟೇಬಲ್ ಅನುಬಂಧಕ್ಕೆ. ಇದನ್ನು ಗೈಡ್‌ಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆ ಸಾಫ್ಟ್‌ವೇರ್ ತೆರೆಯಿರಿ. ಅನಾಲಿಸಿಸ್, ರಿಸಲ್ಟ್ಸ್ ಸೇರಿ ಮೂರು ವಾರ, ಡಿಸ್ಕಷನ್ ಎರಡು, ಇಂಟ್ರೊಡಕ್ಷನ್ ಮತ್ತು ರಿವ್ಯೂ ಕತ್ತರಿಸಲು ಒಂದು, ಅಬ್‌ಸ್ಟ್ರಾಕ್ಟ್ ಕಟ್ಟಕಡೆಗೆ ಎರಡು ದಿನ. ಉಳಿದದ್ದು ಗೈಡ್ ಓದುವುದಕ್ಕೆ. ಅವರ ಕೈಗೆ ಕೊಟ್ಟ ಕರಡು ಮರುದಿನವೇ ವಾಪಸ್ ಬರುವುದಿಲ್ಲ, ಹಾಗಾಗಿ ಅಧ್ಯಾಯ ಮುಗಿದಂತೆಲ್ಲ ಬಿಡಿಬಿಡಿಯಾಗಿ ಕಳಿಸಿ.

ಡಿಸ್ಕಷನ್‌ನಲ್ಲಿ "ಇವರ ಅಧ್ಯಯನದಲ್ಲಿ ಶೇ. 22, ಅವರದ್ದರಲ್ಲಿ ಶೇ. 61, ಇದು ಪ್ರದೇಶದ ವ್ಯತ್ಯಾಸದಿಂದ ಇರಬಹುದು" ಎಂದು ಸಾಲುಗಟ್ಟಿಸುವುದೇ ಹೆಚ್ಚು. ಅದರ ಬದಲು ಅವರು ಅಳೆದದ್ದು ಹೇಗೆ ಎಂದು ನೋಡಿ. ಮಾತ್ರೆ ಎಣಿಸಿದರೇ, ಬಾಯಿಮಾತಿನಲ್ಲಿ ಕೇಳಿದರೇ? ಕಳೆದ ಒಂದು ವಾರವೇ, ಒಂದು ತಿಂಗಳೇ? ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ಎರಡನೇ_ವರ್ಷ:
ಇಬ್ಬರಿಗೂ ಧನ್ಯವಾದ. ಟೇಬಲ್ 1 (ಭಾಗವಹಿಸಿದವರ ವಿವರ) ಹಾಕಿ ನೋಡಿದೆ. ಬಿಪಿ ಬಂದು ಎಷ್ಟು ವರ್ಷ ಎನ್ನುವುದಕ್ಕೆ ಸರಾಸರಿ 13.2, ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಟ್ಟನಡುವಿನ ಅಂಕಿ) 6. ಸೈಡ್ ಎಫೆಕ್ಟ್‌ಗೆ "ಹೌದು" ಎರಡು ಸಲ ಬರ್ತಿದೆ, ಬೇರೆ ಬೇರೆ ಸಂಖ್ಯೆ. ಸಾಫ್ಟ್‌ವೇರ್ ತೊಂದರೆಯೇ?

ಅಂಕಿ_ಲೆಕ್ಕಿಗ:
ಸಾಫ್ಟ್‌ವೇರ್ ಅಲ್ಲ, ಶೀಟ್. ಗೊತ್ತಿಲ್ಲ ಎಂದವರಿಗೆ 99 ಎಂದು ಕೋಡ್ ಹಾಕಿರಬೇಕು. 312ರಲ್ಲಿ 24 ಸಾಲು 99 ಆದರೆ ಸಾಕು, 6 ವರ್ಷದ ಸರಾಸರಿ 13 ದಾಟುತ್ತದೆ. ಅವನ್ನು ಮಿಸ್ಸಿಂಗ್ ಎಂದು ಘೋಷಿಸಿ, ಟೇಬಲ್‌ನ ಆ ಸಾಲಿನಲ್ಲಿ ಎಷ್ಟು ಜನರ ಮಾಹಿತಿ ಇದೆ ಎಂದು ಬರೆಯಿರಿ. ಎರಡನೇ "ಹೌದು" ಕೊನೆಯಲ್ಲಿ ಒಂದು ಖಾಲಿ ಸ್ಪೇಸ್ ಇರಬೇಕು, ಕಣ್ಣಿಗೆ ಕಾಣಲ್ಲ. ಎಕ್ಸೆಲ್‌ನ ಟ್ರಿಮ್ ಫಂಕ್ಷನ್ ತೆಗೆಯುತ್ತದೆ.

ತಿದ್ದುವ ಮುಂಚೆ ಮೂಲ ಫೈಲನ್ನು ರೀಡ್ ಓನ್ಲಿ ಮಾಡಿ ಎತ್ತಿಡಿ, ಕೆಲಸವೆಲ್ಲ ಕಾಪಿಯಲ್ಲಿ. ಸಾರ್ಟ್ ಮಾಡುವಾಗ ಇಡೀ ಶೀಟ್ ಆಯ್ಕೆ ಮಾಡಿ. ಒಂದೇ ಕಾಲಂ ಸಾರ್ಟ್ ಆದರೆ ಒಬ್ಬರ ವಯಸ್ಸು ಇನ್ನೊಬ್ಬರ ಬಿಪಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಯಾವ ಎರರ್ ಮೆಸೇಜೂ ಬರಲ್ಲ. ಆಮೇಲೆ 30 ಫಾರಂ ಲಾಟರಿ ಎತ್ತಿದಂತೆ ಆರಿಸಿ ಕಾಗದದ ಜತೆ ತಾಳೆ ನೋಡಿ. ಮೂರು ನಾಲ್ಕಕ್ಕಿಂತ ಹೆಚ್ಚು ಫಾರಂನಲ್ಲಿ ತಪ್ಪು ಸಿಕ್ಕರೆ 312ನ್ನೂ ನೋಡಬೇಕು. ಇಬ್ಬರು ಕೂತರೆ, ಒಬ್ಬರು ಓದಿ ಇನ್ನೊಬ್ಬರು ಪರದೆ ನೋಡಿದರೆ, ಎರಡು ದಿನದ ಕೆಲಸ.

ಕರಡು_ಪ್ರತಿ:
ಸೇರಿಸುವುದು ಒಂದೇ: ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಪಿ ವ್ಯಾಲ್ಯೂ 0.000 ಎಂದು ತೋರಿಸಿದರೆ ಅದನ್ನು ಹಾಗೇ ಟೇಬಲ್‌ಗೆ ಇಳಿಸಬೇಡಿ. <0.001 ಎಂದು ಬರೆಯಿರಿ.