ಲ್ಯಾಟಿನ್‌ನಲ್ಲಿ ‘ರೋಮ್‌ನಲ್ಲಿ’ ಅನ್ನೋದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಮೂರು ತಿಂಗಳಿಂದ ನಾನೇ ಪುಸ್ತಕ ಇಟ್ಕೊಂಡು ಲ್ಯಾಟಿನ್ ಕಲಿಯುತ್ತಿದ್ದೇನೆ. ‘ಇಟಲಿಯಲ್ಲಿ’ ಅನ್ನೋಕೆ ‘ಇನ್ ಇಟಾಲಿಯಾ’ ಅಂತಿದೆ. ಆದರೆ ‘ರೋಮ್‌ನಲ್ಲಿ’ ಅನ್ನೋಕೆ ಬರೀ ‘ರೋಮೈ’, ‘ಅಥೆನ್ಸ್‌ನಲ್ಲಿ’ ಅನ್ನೋಕೆ ‘ಅಥೇನಿಸ್’. ಆ ‘ಇನ್’ ಎಲ್ಲಿ ಹೋಯಿತು? ಎರಡರ ಕೊನೆ ಯಾಕೆ ಬೇರೆ ಬೇರೆ?

ಉತ್ತರ: ತುಂಬ ಒಳ್ಳೆ ಪ್ರಶ್ನೆ. ನಾನು ಪಾಠ ಮಾಡುವಾಗ ಜಾಸ್ತಿ ಹೊತ್ತು ನಿಲ್ಲೋದೇ ಇಲ್ಲಿ. ನಮ್ಮ ‘ಅಲ್ಲಿ’ಯ ಹಾಗೆ ಹಳೆಯ ಲ್ಯಾಟಿನ್‌ಗೂ ಸಪ್ತಮಿ ವಿಭಕ್ತಿ ಇತ್ತು. ಕಾಲ ಕಳೆದಂತೆ ಅದು ಸವೆದು, ಊರುಗಳ ಹೆಸರಲ್ಲಿ, ಸಣ್ಣ ದ್ವೀಪಗಳ ಹೆಸರಲ್ಲಿ, ಮನೆ, ಹಳ್ಳಿಯಂಥ ಕೆಲವೇ ಪದಗಳಲ್ಲಿ ಉಳಿಯಿತು. ‘ಮನೇಲಿ’ ಅಂದರೆ ‘ದೋಮಿ’. ದೇಶದ ಹೆಸರಿಗೆ ಈ ಸೌಲಭ್ಯ ಇಲ್ಲ, ಅದಕ್ಕೇ ‘ಇನ್’ ಬೇಕು.

ಕೊನೆ ಬೇರೆ ಆಗೋದು ಹೆಸರು ಒಂದೋ ಹಲವೋ ಅನ್ನೋದರ ಮೇಲೆ. ‘ರೋಮಾ’ ಏಕವಚನ. ಅಲ್ಲಿ ಸಪ್ತಮಿಯೂ ಷಷ್ಠಿಯೂ ನೋಡೋಕೆ ಒಂದೇ: ‘ರೋಮೈ’. ‘ಅಥೇನೈ’ ಬಹುವಚನ, ಗ್ರೀಕರಿಂದಲೇ ಹಾಗೆ ಬಂದದ್ದು. ಬಹುವಚನದಲ್ಲಿ ಸಪ್ತಮಿ ಪಂಚಮಿಯ ಹಾಗಿರುತ್ತದೆ: ‘ಅಥೇನಿಸ್’. ಇಟಲಿಯ ಹಳೇ ಊರು ಪಾಂಪೇಯ ಹೆಸರೂ ಬಹುವಚನವೇ. ಹಾಗಾಗಿ ಹೊಸ ಊರು ಎದುರಾದರೆ ಮೊದಲು ವಚನ ನೋಡಿ. ‘ರೋಮ್‌ಗೆ’ ಅನ್ನೋಕೂ ಬರೀ ‘ರೋಮಮ್’ ಸಾಕು.

ಇನ್ನೊಬ್ಬ ಸದಸ್ಯರು: ಇದು ಈಗಿನ ಊರ ಹೆಸರುಗಳಲ್ಲಿ ಎಲ್ಲಾದರೂ ಕಾಣುತ್ತಾ ಮೇಡಂ?

ಉತ್ತರ: ಕಾಣುತ್ತೆ! ದಕ್ಷಿಣ ಫ್ರಾನ್ಸ್‌ನ ಏಕ್ಸ್ ನೋಡಿ. ಕ್ರಿ.ಪೂ. 122ರ ಸುಮಾರಿಗೆ ಸೆಕ್ಸ್‌ಟಿಯಸ್ ಅನ್ನೋ ರೋಮನ್ ಅಧಿಕಾರಿ ಬಿಸಿನೀರಿನ ಬುಗ್ಗೆಗಳ ಹತ್ತಿರ ಊರು ಕಟ್ಟಿದ. ಹೆಸರು ‘ಅಕ್ವೈ ಸೆಕ್ಸ್‌ಟಿಯೈ’, ಸೆಕ್ಸ್‌ಟಿಯಸ್‌ನ ನೀರುಗಳು. ಜನ ದಿನಾ ಆಡುತ್ತಿದ್ದದ್ದು ‘ಅಕ್ವಿಸ್’, ಅಂದರೆ ‘ನೀರುಗಳಲ್ಲಿ’. ಅದೇ ಸವೆದು ‘ಏಕ್ಸ್’ ಆಯಿತು. ಮೂಲ ಹೆಸರು ಬಿದ್ದುಹೋಗಿ ವಿಭಕ್ತಿ ರೂಪವೇ ಊರಾಯಿತು. ನಾವು ‘ಮೈಸೂರಲ್ಲಿ’ ಅಂತ ಅಂದು ಅಂದು ಅದೇ ಊರಿನ ಹೆಸರಾಗಿ ನಿಂತುಬಿಟ್ಟರೆ ಹೇಗೋ ಹಾಗೆ, ಅಲ್ವಾ? ನನಗೆ ಇದು ತುಂಬಾ ಇಷ್ಟ. ವ್ಯಾಕರಣ ಪುಸ್ತಕದಲ್ಲಿ ಸುಮ್ನೆ ಕೂತಿಲ್ಲ, ಜನರ ಬಾಯಲ್ಲಿ ಉಳಿದಿದೆ.

ಮೊದಲ ಸದಸ್ಯರು: ಉತ್ತರ ಆಫ್ರಿಕಾದ ಹಳೇ ನಗರ ಕಾರ್ಥೇಜ್ ಇದೆಯಲ್ಲ, ಅದು ಕೂಡ ಲ್ಯಾಟಿನ್ ಹೆಸರೇ?

ಉತ್ತರ: ಅಲ್ಲ. ಅದನ್ನು ಕಟ್ಟಿದ ಫಿನೀಷಿಯನ್ನರ ಭಾಷೆಯ ‘ಕರ್ತ್ ಹದಷ್ಟ್’, ಅಂದರೆ ‘ಹೊಸ ಊರು’. ರೋಮನ್ನರು ಅದನ್ನು ‘ಕಾರ್ಥಾಗೋ’ ಮಾಡಿಕೊಂಡರು. ಸ್ಪೇನ್‌ನಲ್ಲಿದ್ದ ಇನ್ನೊಂದನ್ನು ‘ಕಾರ್ಥಾಗೋ ನೋವಾ’ ಅಂದರು. ಬಿಡಿಸಿ ಹೇಳಿದರೆ ‘ಹೊಸ ಹೊಸ ಊರು’. ಇವತ್ತಿನ ಕಾರ್ತಹೇನಾ ಅದೇ.