ಫ್ರಾನ್ಸಿನ ಸೇವೆನ್ ಬೆಟ್ಟಗಳಲ್ಲಿ ಸೈಕಲ್ ಟೂರ್: ಗಾಡಿ ಓಡಾಡದ ರಸ್ತೆ ಹುಡುಕೋದು ಹೇಗೆ?

ಎರಡುಗಾಲಿ:
ಸೆಪ್ಟೆಂಬರ್ ಕೊನೇ ವಾರ, ಆರು ದಿನ. ನೀಮ್‌ನಿಂದ ರೈಲಿನಲ್ಲಿ ಹೋಗಿ ಜೆನೊಲಾಕ್‌ನಲ್ಲಿ ಇಳಿದು, ಫ್ಲೋರಾಕ್, ಕೋಸ್ ಮೇಜಾಂ ಪ್ರಸ್ಥಭೂಮಿ, ಮೊಂ ಎಗ್ವಾಲ್ ಬೆಟ್ಟ ಸುತ್ತಿ ಅಲೆಸ್‌ನಲ್ಲಿ ಮುಗಿಸೋ ಯೋಚನೆ. ದಿನಕ್ಕೆ 50 ಕಿ.ಮೀ. ಸಾಕು. ದೂರಕ್ಕಿಂತ ನೆಮ್ಮದಿ ಮುಖ್ಯ, ಲಾರಿ ಹಿಂದೆ ಹಾರ್ನ್ ಹೊಡೀಬಾರದು.

ಸೈಕಲ್: ಮುಂದೆ 46/30 ಹಲ್ಲು, ಹಿಂದೆ 11–34 ಹಲ್ಲು, ಟೈರ್ 700×35, ಹೈಡ್ರಾಲಿಕ್ ಡಿಸ್ಕ್. ನಾನು, ಸೈಕಲ್, ಲಗೇಜು ಎಲ್ಲಾ ಸೇರಿ 95 ಕೆ.ಜಿ.

ಮೂರು ಪ್ರಶ್ನೆ. ಮ್ಯಾಪ್‌ನಲ್ಲಿ ಎಲ್ಲಾ ರಸ್ತೆಗೂ "ಡಿ" ನಂಬರ್ ಇದೆ, ಇದರಲ್ಲಿ ಖಾಲಿ ಯಾವುದು ಅಂತ ಗೊತ್ತಾಗೋದು ಹೇಗೆ? ಈ ಗೇರ್ ಸಾಕಾ? ಸಸ್ಯಾಹಾರಿಗೆ ಹಳ್ಳಿಗಳಲ್ಲಿ ಏನು ಸಿಗುತ್ತೆ?

ಚಡಾವು_ಚಿಕ್ಕಣ್ಣ:
ನಂಬರ್ ನೋಡಿ ತೀರ್ಮಾನ ಮಾಡಬೇಡಿ. ಡಿ ಅಂದರೆ ಜಿಲ್ಲಾ ಆಡಳಿತ ನೋಡಿಕೊಳ್ಳೋ ರಸ್ತೆ, ಅಷ್ಟೇ. ಹಳೇ ರಾಷ್ಟ್ರೀಯ ಹೆದ್ದಾರಿಗಳೂ ಈಗ ಡಿ ಆಗಿವೆ. ಇದೇ ಸೀಮೆಯಲ್ಲಿ ಡಿ907 ಬಿಸ್ ಅಂದರೆ ತಾರ್ನ್ ನದಿಯ ಕಮರಿ ರಸ್ತೆ, ಬೇಸಿಗೆಯಲ್ಲಿ ಕ್ಯಾಂಪರ್ ವ್ಯಾನ್‌ಗಳ ಮೆರವಣಿಗೆ. ಬಿಸ್ ಇಲ್ಲದ ಬರೀ ಡಿ907 ಮಾರ್ಕೆರೆಸ್ ಕಣಿವೆದಾರಿ (1,008 ಮೀ.) ಹತ್ತೋ ಕಡೆ ಮಾತ್ರ ನೀರವ. ಜಿಲ್ಲೆಯ ಗಡಿ ದಾಟಿದರೆ ಅದೇ ರಸ್ತೆಯ ನಂಬರ್ರೇ ಬದಲಾಗುತ್ತೆ. ಗುಡ್ಡದ ನೆತ್ತಿಯ ಕೊರ್ನಿಶ್ ರಸ್ತೆ ಲೊಜೇರ್ ಜಿಲ್ಲೆ ಕಡೆ ಡಿ9, ಗಾರ್ ಕಡೆ ಡಿ260. ಹಾಗಾಗಿ ಚೀಟಿಯಲ್ಲಿ ನಂಬರ್ ಜೊತೆ ಮುಂದಿನ ಊರಿನ ಹೆಸರನ್ನೂ ಬರೆದಿಟ್ಟುಕೊಳ್ಳಿ.

ಕೇಳಬೇಕಾದ ಪ್ರಶ್ನೆ ಒಂದೇ: ಈ ಎರಡು ಊರುಗಳ ನಡುವೆ ಹೊಳೆ ಪಕ್ಕದಲ್ಲಿ ಇನ್ನೊಂದು ರಸ್ತೆ ಇದೆಯಾ? ಇದ್ದರೆ ಕಾರು, ಲಾರಿ ಎಲ್ಲಾ ಅಲ್ಲೇ ಹೋಗುತ್ತವೆ, ಗುಡ್ಡದ ನೆತ್ತಿಯ ರಸ್ತೆ ನಿಮಗೆ ಉಳಿಯುತ್ತೆ. ಅಲೆಸ್–ಫ್ಲೋರಾಕ್–ಮಾಂದ್ ನಡುವಿನ ಎನ್106 ಲಾರಿಗಳ ದಾರಿ, ಅದರ ಮೇಲೆ ಒಂದು ಕಿಲೋಮೀಟರ್ ಕೂಡ ಬೇಡ.

ಕಾಗದದ ಮ್ಯಾಪ್ ಬೇಕು ಅಂದರೆ ಮಿಶೆಲಿನ್ 1:1,50,000. ಹಳದಿ ಬಿಟ್ಟು ಬಿಳಿ ರಸ್ತೆ ಹಿಡಿಯಿರಿ. ರಸ್ತೆ ಮೇಲೆ ಸಣ್ಣ ಬಾಣದ ಗುರುತು ಇರುತ್ತೆ: ಒಂದು ಬಾಣ 5–9%, ಎರಡು 9–13%, ಮೂರು ಅಂದರೆ 13% ಮೇಲೆ. ಮೊನೆ ಇರೋದು ಏರೋ ದಿಕ್ಕಿಗೆ. ಎರಡು ಬಾಣದ ಚಡಾವು ಸಿಕ್ಕರೆ ಅದೇ ರಸ್ತೆಯನ್ನ ಉಲ್ಟಾ ದಿಕ್ಕಿನಿಂದ ಹೋಗಬಹುದಾ ನೋಡಿ. ಆಮೇಲೆ ಮೊಬೈಲಿನಲ್ಲಿ ಸ್ಟ್ರೀಟ್ ವ್ಯೂ ತೆರೆದು ರಸ್ತೆಯ ಫೋಟೋ ನೋಡಿ. ಮಧ್ಯೆ ಬಿಳಿ ಗೆರೆ ಇಲ್ಲ, ಅಂಚಿನಲ್ಲಿ ಹುಲ್ಲು ಡಾಂಬರಿನ ಮೇಲೆ ಹಬ್ಬಿದೆ ಅಂದರೆ ನೀವು ಹುಡುಕ್ತಿರೋ ರಸ್ತೆ ಅದೇ.

ನಿಮ್ಮ ಸುತ್ತಾಟಕ್ಕೆ ದಾರಿ:

ಜೆನೊಲಾಕ್‌ನಿಂದ ಡಿ998, ವಿಯಾಲಾಸ್ ಮೇಲೆ ಕ್ರೊವಾ ದ ಬೆರ್ತೆಲ್ (1,088 ಮೀ.), ಅಲ್ಲಿಂದ ಇಳಿದು ಲೆ ಪೋಂ-ದ-ಮೋಂವೆರ್. ಸುಮಾರು 30 ಕಿ.ಮೀ., 600 ಮೀ. ಏರು. ರೈಲು ಇಳಿದ ದಿನಕ್ಕೆ ಅಷ್ಟು ಸಾಕು. ಮಾರನೇ ದಿನ ಬ್ಯಾಗ್ ಊರಲ್ಲೇ ಬಿಟ್ಟು ಡಿ20ರಲ್ಲಿ ಫಿನಿಯೆಲ್ (1,541 ಮೀ.) ಹತ್ತಿ ವಾಪಸ್ ಬನ್ನಿ. ಹತ್ತೋದು ಸುಮಾರು 12 ಕಿ.ಮೀ., ಮರಗಳ ಗೆರೆ ದಾಟಿದ ಮೇಲೆ ಬೋಳು ಗ್ರಾನೈಟ್ ಬಯಲು, ಗಾಳಿ ಜೋರು. ಮಧ್ಯಾಹ್ನದ ಮೇಲೆ ಫ್ಲೋರಾಕ್‌ಗೆ 20 ಕಿ.ಮೀ. ಇಳಿಜಾರು.

ಫ್ಲೋರಾಕ್‌ನಿಂದ ಡಿ16 ಸೀದಾ ಕೋಸ್ ಮೇಜಾಂ ಪ್ರಸ್ಥಭೂಮಿಗೆ ಹತ್ತಿಸುತ್ತೆ, ಸುಮಾರು 500 ಮೀ. ಏರು. ಮೇಲೆ ಹೋದಮೇಲೆ 1,000 ಮೀ. ಎತ್ತರದಲ್ಲಿ ಅಲೆಅಲೆಯಾದ ಹುಲ್ಲುಗಾವಲು. ವಿಲ್ಲಾರೆ ಹತ್ತಿರ ಬೇಲಿಯೊಳಗೆ ಕಂದು ಮೈ, ನೆಟ್ಟಗೆ ನಿಂತ ಗಿಡ್ಡ ಕೇಸರದ ಕುದುರೆಗಳು ಕಂಡರೆ ಅವು ಮಂಗೋಲಿಯಾ ಮೂಲದ ಪ್ರ್‍ಜೆವಾಲ್ಸ್ಕಿ ಕುದುರೆಗಳು, 1993ರಿಂದ ಇಲ್ಲಿವೆ. ಆಮೇಲೆ ಮೆರುಯೆಸ್‌ಗೆ ಇಳಿಯಿರಿ.

ಎಗ್ವಾಲ್‌ಗೆ (1,567 ಮೀ.) ಎಲ್ಲರೂ ಹೋಗೋ ಡಿ986 ಬೇಡ. ಪೆರ್ಜ್ಯುರೆ (1,028 ಮೀ.) ಹತ್ತಿ ಅಲ್ಲಿಂದ ಡಿ18, ಕಾಬ್ರಿಯಾಕ್ ಮೇಲೆ ಹೋಗಿ. ಅದೇ ದಾರಿಯಲ್ಲಿ ಪೆರ್ಜ್ಯುರೆಗೆ ವಾಪಸ್ ಬಂದು ಡಿ996ರಲ್ಲಿ ಫ್ರೆಸಿನೆ-ದ-ಫುರ್ಕ್ ಕಡೆ ಇಳಿದು, ಡಿ907 ಸಿಕ್ಕಾಗ ರೂಸ್ ದಿಕ್ಕಿಗೆ ತಿರುಗಿ. ಪೆರ್ಜ್ಯುರೆಯಿಂದ ಇಳಿಯೋವಾಗ ಹುಷಾರು: 1960ರ ಟೂರ್ ದ ಫ್ರಾನ್ಸ್‌ನಲ್ಲಿ ರೋಜೆ ರಿವಿಯೇರ್ ಕಣಿವೆಗೆ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದು ಇಲ್ಲೇ. ಮಾರ್ಕೆರೆಸ್ ತುದಿಯಲ್ಲಿ ಸುರಂಗ ಇದೆ, ಒಳಗೆ ಹೋಗೋ ಮೊದಲೇ ಹಿಂದಿನ ಲೈಟ್ ಹಾಕಿಕೊಳ್ಳಿ. ಆಮೇಲೆ ಸೇಂತ್-ಆಂದ್ರೆ-ದ-ವಾಲ್ಬೋರ್ನ್, ಸೇಂ-ಜಾಂ-ದ್ಯು-ಗಾರ್, ಅಂದ್ಯೂಜ್. ಅಂದ್ಯೂಜ್–ಅಲೆಸ್ ಕೊನೇ ತುಂಡಿನಲ್ಲಿ ಗಾಡಿ ತಪ್ಪಿದ್ದಲ್ಲ, ಬೆಳಿಗ್ಗೆ ಬೇಗ ಮುಗಿಸಿ.

ಪಾನಾ_ಹದಿಮೂರು:
ಗೇರ್ ವಿಷಯ. ಮುಂದೆ 30, ಹಿಂದೆ 34 ಹಲ್ಲಿನ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ 1.9 ಮೀ. ಹೋಗುತ್ತೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6.9 ಕಿ.ಮೀ. 95 ಕೆ.ಜಿ.ಗೆ 6% ಚಡಾವಿನಲ್ಲಿ ಇದಕ್ಕೆ 120 ವಾಟ್ ಸಾಕು, 8%ಗೆ 155 ಬೇಕು. ಮೇಲೆ ಹೇಳಿರೋ ದೊಡ್ಡ ಚಡಾವುಗಳು ಬಹುಪಾಲು 5–6%, ಅಲ್ಲಿ ನಡೆಯುತ್ತೆ. ಬಿಳಿ ರಸ್ತೆ ಹಿಡಿದು ಹಳ್ಳಿಗೆ ತಿರುಗಿದಾಗಲೇ 10% ದಾಟೋದು.

ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದರೆ 11–36 ಕ್ಯಾಸೆಟ್‌ಗೆ ದುಡ್ಡು ಹಾಕಬೇಡಿ, ಬರೀ 6% ವ್ಯತ್ಯಾಸ. ಬದಲಾಯಿಸೋದಾದರೆ 11–40 ಹಾಕಿ. 8%ಗೆ 130 ವಾಟ್‌ಗೆ ಇಳಿಯುತ್ತೆ, ಮೊಣಕಾಲಿಗೆ ಗೊತ್ತಾಗೋ ಅಷ್ಟು. ಆದರೆ ಲೆಕ್ಕ ಹಾಕಿ: (46−30)+(40−11)=45 ಹಲ್ಲು. ಸಾಮಾನ್ಯ ರೋಡ್ ಡಿರೇಲರ್ (ಚೈನನ್ನ ಗೇರಿಂದ ಗೇರಿಗೆ ಸರಿಸೋ ಭಾಗ) ಚೈನಿನ ಅಷ್ಟು ಸಡಿಲ ಎಳೆದುಕೊಳ್ಳಲ್ಲ. ಡಿರೇಲರ್ ತೂಗುಹಾಕೋ ಹ್ಯಾಂಗರ್ ಉದ್ದ ಮಾಡೋ ಕೊಂಡಿ ಹಾಕಬೇಕು, ಡಿರೇಲರನ್ನ ಕ್ಯಾಸೆಟ್‌ನಿಂದ ದೂರ ಇಡೋ ಬಿ-ಸ್ಕ್ರೂ ಬಿಗಿ ಮಾಡಬೇಕು, ಚೈನ್ ಹೊಸದು ಬೇಕು. ಚೈನ್ ಉದ್ದವನ್ನ ಮುಂದೆ ದೊಡ್ಡದು–ಹಿಂದೆ ದೊಡ್ಡದು ಹಾಕಿಯೇ ಅಳೆಯಿರಿ. ಚಿಕ್ಕದು–ಚಿಕ್ಕದರಲ್ಲಿ ಚೈನ್ ಜೋತು ಬೀಳುತ್ತೆ, ಬೀಳಲಿ, ಆ ಗೇರ್ ಉಪಯೋಗಿಸಬೇಡಿ. ಉಲ್ಟಾ ಮಾಡಿ ಚೈನ್ ಗಿಡ್ಡ ಮಾಡಿದರೆ ಒಂದು ದಿನ ಮರೆತು ದೊಡ್ಡದು–ದೊಡ್ಡದಕ್ಕೆ ಹಾಕ್ತೀರಿ, ಡಿರೇಲರ್ ಕಿತ್ತು ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತೆ.

ಬ್ರೇಕ್: ಇಳಿಜಾರಿನಲ್ಲಿ ಲಿವರ್ ಸವರುತ್ತಾ ಕೂರಬೇಡಿ. ಗಂಟೆಗೆ 20–25ರಲ್ಲಿ ಬ್ರೇಕ್ ಹಿಡಿದೇ ಇಳಿದರೆ ಗಾಳಿ ಏನೂ ತಡೆಯಲ್ಲ, ಎಲ್ಲಾ ಶಾಖ ಡಿಸ್ಕಿಗೇ. ಪ್ಯಾಡ್ ಮೇಲ್ಮೈ ಗಾಜಿನ ಹಾಗೆ ನುಣುಪಾಗುತ್ತೆ, ಕಿರುಚುತ್ತೆ, ಹಿಡಿಯಲ್ಲ. ನೇರ ರಸ್ತೆಯಲ್ಲಿ ಬಿಡಿ, ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಡಿ. ಲಿವರ್ ಹ್ಯಾಂಡಲ್ ಹತ್ತಿರ ಬರ್ತಿದೆ ಅನಿಸಿದರೆ ಆಯಿಲ್ ಕುದಿಯೋಕೆ ಶುರು, ನಿಲ್ಲಿಸಿ ಹತ್ತು ನಿಮಿಷ ಆರಲು ಬಿಡಿ. ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತೆ. ಹೊಸ ಪ್ಯಾಡ್ ಎರಡು ಜೊತೆ ಚೀಲದಲ್ಲಿರಲಿ. ಫ್ಲೋರಾಕ್ ದಾಟಿದ ಮೇಲೆ ನಿಮ್ಮ ಬ್ರೇಕಿಗೆ ಸರಿಹೊಂದೋದು ಅಂಗಡಿಯಲ್ಲಿ ಸಿಗುತ್ತೆ ಅಂತ ನಂಬಬೇಡಿ.

"ಗ್ರಾವಿಯೋಂ" ಅಂತ ಬೋರ್ಡ್ ಕಂಡರೆ ಡಾಂಬರಿನ ಮೇಲೆ ಹೊಸದಾಗಿ ಜಲ್ಲಿಪುಡಿ ಚೆಲ್ಲಿದ್ದಾರೆ ಅಂತ. ಬೇಸಿಗೆಯ ಕೆಲಸ ಸೆಪ್ಟೆಂಬರಿನಲ್ಲೂ ತಿರುವಿನ ಹೊರ ಅಂಚಿನಲ್ಲಿ ಗುಡ್ಡೆಯಾಗಿ ಉಳಿದಿರುತ್ತೆ. ಕಾರಿನ ಚಕ್ರ ಗುಡಿಸಿದ ಗೆರೆ ಬಿಟ್ಟು ಆಚೆ ಹೋಗಬೇಡಿ.

ದೋಸೆಹೆಂಚು:
ಊಟಕ್ಕಿಂತ ಮೊದಲು ನೀರು. ಕೋಸ್ ಮೇಲೆ ಸುಣ್ಣಕಲ್ಲು, ಬಿದ್ದ ಮಳೆ ಸೀದಾ ಒಳಗೆ ಇಂಗುತ್ತೆ, ಹಳ್ಳ ಇಲ್ಲ, ಬುಗ್ಗೆ ಇಲ್ಲ. ಫ್ಲೋರಾಕ್‌ನಲ್ಲೇ 2.5 ಲೀಟರ್ ತುಂಬಿಸಿ. ಬೇರೆ ಕಡೆ ಊರಿನ ಕಾರಂಜಿ ಸಿಗುತ್ತೆ, "ನೋಂ ಪೊತಾಬ್ಲ್" ಅಂತ ಬರೆದಿದ್ದರೆ ಕುಡಿಯಬಾರದು. ಏನೂ ಕಾಣದಿದ್ದರೆ ಊರಾಚೆ ಸ್ಮಶಾನಕ್ಕೆ ಹೋಗಿ. ಹೂಕುಂಡಗಳಿಗೆ ಅಂತ ನಲ್ಲಿ ಇಟ್ಟಿರುತ್ತಾರೆ, ನಮಗೆ ಇರುಸುಮುರುಸು ಆದರೂ ಅಲ್ಲಿಯ ಸೈಕಲ್‌ನವರಿಗೆ ಅದೇ ರೂಢಿ. ಆ ನಲ್ಲಿಗೂ ಬೋರ್ಡ್ ನೋಡಿ.

ಅಂಗಡಿ ಮಧ್ಯಾಹ್ನ ಹನ್ನೆರಡೂವರೆಗೆ ಮುಚ್ಚಿದರೆ ಮೂರು–ನಾಲ್ಕಕ್ಕೆ ತೆಗೆಯೋದು. ಭಾನುವಾರ ಮಧ್ಯಾಹ್ನದ ಮೇಲೆ ಮತ್ತು ಸೋಮವಾರ ಹಳ್ಳಿಗಳಲ್ಲಿ ಬಹುತೇಕ ಬಂದ್. ಶನಿವಾರ ಸಂಜೆಯೇ ಎರಡು ದಿನದ್ದು ಕೊಂಡುಬಿಡಿ: ಬ್ರೆಡ್, ಪೆಲಾರ್ದೋಂ ಅನ್ನೋ ಪುಟ್ಟ ಮೇಕೆ ಚೀಸ್, ಹಣ್ಣು, ಡಬ್ಬಿಯ ರಾತಾತೂಯ್ ಅನ್ನೋ ತರಕಾರಿ ಪಲ್ಯ. ಮಸೂರದ ಡಬ್ಬಿಯಲ್ಲಿ ಹಂದಿ ಮಾಂಸದ ಚೂರು ಇರೋದೇ ಹೆಚ್ಚು, ಹಿಂದಿನ ಚೀಟಿಯಲ್ಲಿ "ಪೋರ್" (porc) ಅನ್ನೋ ಪದ ಹುಡುಕಿ. ಬೇಕರಿಯ ಫುಗಾಸ್ ಬ್ರೆಡ್‌ಗೂ ಕೆಲವೊಮ್ಮೆ ಅದೇ ಗತಿ. ಚೀಸಿಗೆ ಕರುವಿನ ಹೊಟ್ಟೆಯ ಹೆಪ್ಪು ಹಾಕೋದು ಸಾಮಾನ್ಯ, ಅದು ಆಗಲ್ಲ ಅನ್ನೋರು ಕಡಲೆಬೀಜ, ಚೆಸ್ಟ್‌ನಟ್ ಜಾಮ್ ನೆಚ್ಚಿಕೊಳ್ಳಬೇಕು.

ಗೀತ್ ಅನ್ನೋ ಹಳ್ಳಿ ವಸತಿಯಲ್ಲಿ ಉಳಿಯೋದಾದರೆ ಹಿಂದಿನ ದಿನವೇ ಫೋನ್ ಮಾಡಿ. "ವೆಜಿತೇರಿಯಾಂ" ಅಂದರೆ ಸಾಲದು, ಮೀನು ಬಡಿಸಿಬಿಡಬಹುದು. ಮಾಂಸ, ಮೀನು, ಹ್ಯಾಮ್ ಮೂರೂ ಬೇಡ ಅಂತ ಒಂದೊಂದಾಗಿ ಹೇಳಿ.

ಎರಡುಗಾಲಿ:
ಮಾರ್ಕೆರೆಸ್ ಬದಲು ಕೊರ್ನಿಶ್ ರಸ್ತೆಯಲ್ಲಿ ಇಳಿದರೆ? ನೋಟ ಚೆನ್ನಾಗಿದೆ ಅಂತಾರೆ. ಮಳೆ ಭಯ ಎಷ್ಟು?

ಚಡಾವು_ಚಿಕ್ಕಣ್ಣ:
ನೋಟ ನಿಜವಾಗಲೂ ಚೆನ್ನ, ನೆತ್ತಿಯ ಮೇಲಿನ ರಸ್ತೆ. ಆದರೆ ಶನಿವಾರ, ಭಾನುವಾರ ಮೋಟರ್‌ಬೈಕ್‌ನವರಿಗೂ ಅದೇ ಇಷ್ಟ. ವಾರದ ನಡುವೆ ಸಿಕ್ಕರೆ ಕೊರ್ನಿಶ್, ವಾರಾಂತ್ಯವಾದರೆ ಮಾರ್ಕೆರೆಸ್.

ಮಳೆ ವಿಷಯದಲ್ಲಿ ಹಗುರವಾಗಿ ಇರಬೇಡಿ. ಶರತ್ಕಾಲದಲ್ಲಿ ಮೆಡಿಟರೇನಿಯನ್‌ನ ಬೆಚ್ಚನೆ ತೇವದ ಗಾಳಿ ಈ ಬೆಟ್ಟಕ್ಕೆ ಬಡಿದು ಒಂದೇ ದಿನ ನೂರಾರು ಮಿ.ಮೀ. ಸುರಿಸಿಬಿಡುತ್ತೆ, ನಮ್ಮ ಘಟ್ಟಕ್ಕೆ ಅರಬ್ಬಿ ಮೋಡ ಬಡಿದ ಹಾಗೆ. ದಿನಾ ಬೆಳಿಗ್ಗೆ, ಸಂಜೆ ಅಲ್ಲಿಯ ಹವಾಮಾನ ಇಲಾಖೆ ಮೆತೆಯೊ-ಫ್ರಾನ್ಸ್‌ನ ಎಚ್ಚರಿಕೆ ನಕ್ಷೆ ನೋಡಿ. ಗಾರ್ ಅಥವಾ ಲೊಜೇರ್ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಆ ದಿನ ಇದ್ದಲ್ಲೇ ಇರಿ. ಹೊಳೆಪಕ್ಕದ ಕ್ಯಾಂಪಿಂಗ್ ಖಾಲಿ ಮಾಡಿ, ನೀರು ಹರಿಯೋ ತಗ್ಗು ಸೇತುವೆ ದಾಟಬೇಡಿ. ಆರು ದಿನದಲ್ಲಿ ಒಂದು ದಿನ ಇದಕ್ಕೇ ಅಂತ ಬಿಟ್ಟಿಡಿ. ಎಗ್ವಾಲ್ ದಿನವನ್ನೂ ಹಾಗೇ ಹಿಂದೆಮುಂದೆ ಮಾಡಿಕೊಳ್ಳಿ, ಮೇಲೆ ಮಂಜು ಕವಿದಿದ್ದರೆ ಹತ್ತಿ ಪ್ರಯೋಜನ ಇಲ್ಲ.

ಮಬ್ಬು, ಮಂಜು, ಕತ್ತಲಲ್ಲಿ ಊರ ಹೊರಗೆ ಪ್ರತಿಫಲಿಸುವ ಜಾಕೆಟ್ ಕಾನೂನಿನ ಪ್ರಕಾರ ಕಡ್ಡಾಯ. ಸೆಪ್ಟೆಂಬರಿನಲ್ಲಿ ಬೇಟೆ ಕಾಲವೂ ಶುರು, ಕಾಡಿನ ಪಕ್ಕ ಹಗಲಲ್ಲೂ ಹಾಕಿಕೊಂಡೇ ಇರಿ.